ಎಂಟನೆಯ ರೀಲಿನ ಶಹನಾಯಿ

ಖಾನಾಪುರ
೧೧ ಫೆಬ್ರುವರಿ ೧೯೭೫

ಪ್ರಿಯ ಮಜೀದ,

ಬಸ್ಸಿನ ಕಂಡಕ್ಟರನ ಕೈಯಲ್ಲಿ ನೀನು ಕಳಿಸಿದ ಕಾದಂಬರಿ ಶನಿವಾರ ಮುಟ್ಟಿತು. ಎರಡು ದಿನದಲ್ಲಿ ಓದಿ ಮುಗಿಸಿದೆ. ಬಂಗಾಲಿಯಿಂದ ಹಿಂದಿಗೆ, ಹಿಂದಿಯಿಂದ ಕನ್ನಡಕ್ಕೆ ಬಂದದ್ದೆಂದು ಒಳಗಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ಹನ್ನೊಂದನೆಯ ಅಧ್ಯಾಯದ ಕೊನೆಗೆ ವಿಧವೆ ದೋಣಿ ಹತ್ತುತ್ತಾಳೆ. ಹನ್ನೆರಡನೆಯದರ ಮೊದಲ ಸಾಲಿಗೆ ಆಚೆ ದಂಡೆಯ ಮನೆಯಲ್ಲಿ ಒಲೆ ಊದುತ್ತಿದ್ದಾಳೆ. ಇಬ್ಬರು ಅನುವಾದಕರಲ್ಲಿ ಒಬ್ಬ ಇಡೀ ನದಿಯನ್ನು ನುಂಗಿದ್ದಾನೆ. ಅನುವಾದಕನಿಗೆ ಬಿಡುವ ಹಕ್ಕಿಲ್ಲ. ತನ್ನ ಕಡೆಯಿಂದ ಸೇರಿಸುವ ಹಕ್ಕಂತೂ ಇಲ್ಲವೇ ಇಲ್ಲ.

ಸಿನಿಮಾ ಏನು ನೋಡಿದೆ ಎಂದು ಕೇಳಿದ್ದೀ. ಮಲಪ್ರಭೆಯ ದಂಡೆಯ ಮೇಲೆ ಗುರುಪಾದಪ್ಪನವರು ಈ ವರ್ಷವೂ ಟೆಂಟ್ ಹಾಕಿದ್ದಾರೆ. ಎರಡು ಚಿತ್ರ ನೋಡಿದೆ. ಮೊದಲನೆಯದು ಹಿಂದಿ. ನಾಯಕ ತಾಯಿಯ ಔಷಧ ತರಲು ಹೋದವನು ಹಿಮದ ಮೇಲೆ ನಿಂತು ಹಾಡುತ್ತಾನೆ. ಔಷಧ ಏನಾಯಿತೋ ಕೊನೆಯವರೆಗೂ ತಿಳಿಯಲಿಲ್ಲ. ಹಾಡು ಚೆನ್ನಾಗಿತ್ತು. ಅದು ಬೇರೆ ಯಾವುದಾದರೂ ಚಿತ್ರದಲ್ಲಿ ಇರಬೇಕಿತ್ತು.

ಎರಡನೆಯದು ಕನ್ನಡ. ಹೆಂಡತಿಯೊಬ್ಬಳು ಹನ್ನೆರಡು ವರ್ಷ ಬಾಳಿದ ಮನೆಯನ್ನು ಬಿಟ್ಟು ಹೋಗುವ ಕಥೆ. ಜಗಳವಿಲ್ಲ, ಕೂಗಾಟವಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಒಂದು ಟ್ರಂಕು ಹಿಡಿದು ಹೊರಡುತ್ತಾಳೆ. ಗಂಡ ಒಳಗೆ ಎಚ್ಚರವಾಗಿಯೇ ಮಲಗಿರುತ್ತಾನೆ. ಇಷ್ಟು ಸಂಯಮದ ದೃಶ್ಯ ನಮ್ಮ ಚಿತ್ರಗಳಲ್ಲಿ ನಾನು ಕಂಡಿರಲಿಲ್ಲ. ಅದರ ಮೇಲೆ ಏನು ಬಾರಿಸಬೇಕು? ಶಹನಾಯಿ! ಅಪ್ಪಟ ಮದುವೆಮನೆಯ ಶಹನಾಯಿ. ಅಕ್ಷತೆ ಬೀಳುವುದೊಂದು ಬಾಕಿ. ಈ ಸಂಗೀತವನ್ನು ಆರಿಸಿದವನಿಗೆ ಕಿವಿ ಇಲ್ಲ, ಇದ್ದರೆ ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾನೆ.

ಟೆಂಟಿನಲ್ಲಿ ಜನ ಅತ್ತರು. ಜನ ಯಾವುದಕ್ಕಾದರೂ ಅಳುತ್ತಾರೆ. ಬೀಡಿ ಹೊಗೆಗೆ ಕಣ್ಣು ಉರಿಯುತ್ತಿತ್ತು, ನಾನು ಮುಗಿಯುವ ಮೊದಲೇ ಎದ್ದು ಬಂದೆ.

ನಿನ್ನ,
ಈರಯ್ಯ

*

ವಡಗಾವಿ, ಬೆಳಗಾವಿ
೧೭ ಫೆಬ್ರುವರಿ ೧೯೭೫

ಅಯ್ಯನೋರ ಪಾದಕ್ಕ ಮಜೀದನ ಸಲಾಂ.

ನಿನ್ನ ಪತ್ರ ಪ್ರೆಸ್ಸಿನಲ್ಲೇ ಓದಿದೆ. ಔಷಧದ ಮಾತಿಗೆ ಎಷ್ಟು ನಕ್ಕೆನೆಂದರೆ ಕೈಯಾಗಿನ ಅಚ್ಚಿನ ಮೊಳೆ ಚೆಲ್ಲಿದವು. ಅರ್ಧ ತಾಸು ‘ಕ’, ‘ಖ’ ಆರಿಸುತ್ತ ಕೂತೆ.

ಆದರೆ ಶಹನಾಯಿ ಎಲ್ಲಿಂದ ಬಂತೋ ಮಾರಾಯಾ? ಆ ಚಿತ್ರವನ್ನು ನಾನೂ ಜುಲೇಖಾಳೂ ದೀಪಾವಳಿಯ ಹೊತ್ತಿಗೆ ಇಲ್ಲಿ ನೋಡೀವಿ. ಟ್ರಂಕು ಹಿಡಿದು ಹೊರಡೂ ಮುಂದ ಬಸ್ಸಿನ ಸದ್ದು ಬಿಟ್ಟರ ಏನೂ ಇಲ್ಲ. ಜುಲೇಖಾಳನ್ನು ಕೇಳಿದೆ. “ಶಹನಾಯಿ ಅಂತ ಶಹನಾಯಿ! ನಿಮ್ಮ ದೋಸ್ತ ಯಾರದೋ ಲಗ್ನಕ್ಕ ಹೋಗಿ ಸಿನಿಮಾಕ್ಕ ಹೋದೆ ಅಂತ ತಿಳದಾರ” ಅಂದಳು.

ಖಾಸಬಾಗದ ನಮ್ಮ ಪ್ರೆಸ್ಸಿನ ಸಾಪ್ತಾಹಿಕಕ್ಕೆ ಮೈಲಾರಲಿಂಗ ಅಂತ ಹೊಸ ಸಂಪಾದಕರು ಬಂದಾರ. ಸಿನಿಮಾದ ಕಾಲಮ್ ಬೇಕಂತ, ಬರೆಯುವವರಿಲ್ಲ. ನಿನ್ನ ಪತ್ರದ ಆ ಭಾಗ ಓದಿ ಹೇಳಿದೆ. “ಈ ಮನಿಷ್ಯಾ ಯಾರು? ತರಸ್ರಿ, ಹಾಕೂಣು” ಅಂದರು. ಹಾಕಲೇನು?

ವೈನಿ ತವರಿನಿಂದ ಬಂದರೇ? ಬೈಲಹೊಂಗಲದ ಹವಾ ಅವರಿಗೆ ಬಹಳ ಹಿಡಿಸೇತಿ ಅನಿಸ್ತದ.

ಮಜೀದ

*

ಖಾನಾಪುರ
೨೨ ಫೆಬ್ರುವರಿ ೧೯೭೫

ಪ್ರಿಯ ಮಜೀದ,

ನಾನು ಕೇಳಿದ್ದನ್ನು ಕೇಳಿದ್ದೇನೆ. ಟ್ರಂಕನ್ನು ಎತ್ತುವಾಗ ಶಹನಾಯಿ ಶುರುವಾಗುತ್ತದೆ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆಯೂ ಸ್ವಲ್ಪ ಹೊತ್ತು ಇರುತ್ತದೆ. ನೀವಿಬ್ಬರೂ ಆಗ ಶೇಂಗಾ ಸುಲಿಯುತ್ತಿದ್ದಿರಬೇಕು. ಕಟ್ಟಿಗೆ ಡಿಪೋದಲ್ಲಿ ಹದಿನಾಲ್ಕು ವರ್ಷದಿಂದ ತೊಲೆ ಎಣಿಸುತ್ತಿದ್ದೇನೆ. ಒಂದೂ ತಪ್ಪಿಲ್ಲ. ಒಂದು ಶಹನಾಯಿ ಎಣಿಸಲು ತಪ್ಪುತ್ತೇನೆಯೇ?

ಕಾಲಮ್ಮಿಗೆ ಹಾಕುವುದಾದರೆ ಹಾಕಿಸು. ನನ್ನ ಹೆಸರು ಬೇಡ, ಊರಿನ ಹೆಸರೂ ಬೇಡ. ‘ಒಬ್ಬ ಪ್ರೇಕ್ಷಕ’ ಎಂದರೆ ಸಾಕು. ಶಹನಾಯಿಯ ಮಾತನ್ನು ಬಿಡಬೇಡ. ಅಲ್ಲಿ ಮುಖ್ಯವಾದದ್ದು ಅದೊಂದೇ.

ಈರಯ್ಯ

*

ವಡಗಾವಿ, ಬೆಳಗಾವಿ
೮ ಮಾರ್ಚ್ ೧೯೭೫

ಈರಯ್ಯಾ, ಭಲೇ!

ಅಂಚೆಯಲ್ಲಿ ಪ್ರತಿ ಕಳಿಸೀನಿ. ನಿನ್ನ ಕಾಲಮ್ ನೋಡಿ ಇಲ್ಲಿ ನಕ್ಕವರೇ ನಕ್ಕವರು. ಟಿಳಕವಾಡಿಯ ಒಬ್ಬ ಪ್ರೊಫೆಸರು ಪ್ರೆಸ್ಸಿಗೇ ಬಂದು “ಈ ಒಬ್ಬ ಪ್ರೇಕ್ಷಕ ಯಾರ‍್ರಿ?” ಅಂತ ಕೇಳಿದರು. ನಾ ಬಾಯಿ ಬಿಡಲಿಲ್ಲ. ಸಂಪಾದಕರು ತಿಂಗಳಿಗೊಂದು ಬೇಕು ಅಂತಾರ.

ಮೊನ್ನೆ ಒಂದು ಮರಾಠಿ ಚಿತ್ರ ನೋಡಿದೆ. ಕೊಲೆ ಆಗತದ, ಪೊಲೀಸರು ಬರತಾರ, ಕೂಡಲೇ ಢೋಲಕಿ. ಪೊಲೀಸರೇ ಕುಣೀತಾರೇನೋ ಅಂತ ಕಾಯ್ದೆ. ಕುಣೀಲಿಲ್ಲ. ನೀನಿದ್ದಿದ್ದರ ಅದಕ್ಕೊಂದು ಕಾಲಮ್ ಆಗತಿತ್ತು.

ವೈನಿಗೆ ಒಂದು ಪ್ರತಿ ಕಳಸಲೇನು? ವಿಳಾಸ ಕೊಡು.

ಮಜೀದ

*

ಖಾನಾಪುರ
೩೦ ಮಾರ್ಚ್ ೧೯೭೫

ಪ್ರಿಯ ಮಜೀದ,

ಪ್ರತಿ ಮುಟ್ಟಿತು. ಓದಿದೆ.

ಕಾಲಮ್ ಇನ್ನು ಮುಂದೆ ಬರೆಯಲಾರೆ. ಡಿಪೋದಲ್ಲಿ ಹರಾಜಿನ ಕೆಲಸ ಹೆಚ್ಚಾಗಿದೆ. ಟೆಂಟ್ ಕೂಡ ಒಂದು ವಾರದಿಂದ ಮುಚ್ಚಿದೆ.

ರಶಿಯನ್ ಕತೆಗಳ ಅನುವಾದ ಸಿಕ್ಕರೆ ಕಳಿಸು. ಸಿಗದಿದ್ದರೂ ಸರಿ.

ಈರಯ್ಯ

*

ವಡಗಾವಿ, ಬೆಳಗಾವಿ
೧೯ ಏಪ್ರಿಲ್ ೧೯೭೫

ಈರಯ್ಯಾ,

ಏನೋ ಇದು, ತಂತಿ ಕಳಿಸಿದಂಗ ಬರದೀ? ಸಂಪಾದಕರು ನಿನ್ನ ಕಾಲಮ್ಮಿಗೆ ಜಾಗಾ ಬಿಟ್ಟು ಕೂತಿದ್ದರು. ಕಡೀಕ ಅಲ್ಲಿ ಸಾಬೂನಿನ ಜಾಹೀರಾತು ಹಾಕಿದಿವಿ.

ರಶಿಯನ್ ಕತೆ ಕಳಿಸೀನಿ. ಅದರ ಜೊತೆಗೆ ನನ್ನದೊಂದು ಸಂಶಯ. ನಾಯಕಿ ಕಿಟಕಿಯಲ್ಲಿ ನಿಂತರ ಸಿತಾರ್, ಕುಂತರ ಕೊಳಲು. ಅಡ್ಡಾದರ ಏನು? ನೀ ಹೇಳಬೇಕು.

ಮೈಯಾಗ ಹೆಂಗದ? ಸಿಟ್ಟಾಗೀಯೇನು? ಆಗಿದ್ದರ ಬೈದು ಬರಿ. ಸುಮ್ಮನಿರಬ್ಯಾಡ.

ಮಜೀದ

*

ಖಾನಾಪುರ
೧೪ ಜೂನ್ ೧೯೭೫

ಪ್ರಿಯ ಮಜೀದ,

ಸಿಟ್ಟಿಲ್ಲ.

ನೀನು ಹೇಳಿದ್ದು ಸರಿಯಿತ್ತು. ಚಿತ್ರದಲ್ಲಿ ಶಹನಾಯಿ ಇರಲಿಲ್ಲ. ಊರೂರು ತಿರುಗಿ ಸವೆದ ಪ್ರಿಂಟು ಇಲ್ಲಿಗೆ ಬರುತ್ತದೆ. ಎಂಟನೆಯ ರೀಲಿನಲ್ಲಿ ಸದ್ದಿನ ಪಟ್ಟಿ ಪೂರ್ತಿ ಗೀರುಬಿದ್ದು ಬರೀ ಕರಕರ ಎನ್ನುತ್ತಿತ್ತಂತೆ. ಟೆಂಟಿನ ಆಪರೇಟರ್ ಮದಾರಸಾಬ ಎಂಬವರು ಅಲ್ಲಿ ಚಿತ್ರದ ಸದ್ದು ಇಳಿಸಿ, ಅದೇ ಲೌಡ್‌ಸ್ಪೀಕರಿನಲ್ಲಿ ತಮ್ಮ ಗ್ರಾಮೊಫೋನಿನ ರೆಕಾರ್ಡ್ ಹಾಕುತ್ತಿದ್ದರು. ನಾನು ಅದನ್ನು ಚಿತ್ರದ್ದೇ ಎಂದು ತಿಳಿದೆ.

ಅವರು ಈಗ ಟೆಂಟಿನಲ್ಲಿಲ್ಲ. ಹೊಸ ಆಪರೇಟರ್ ಬಂದಿದ್ದಾನೆ. ಅವನು ಏನನ್ನೂ ಸೇರಿಸುವುದಿಲ್ಲ. ಸದ್ದು ಕೆಟ್ಟಲ್ಲಿ ಜನ ಸೀಟಿ ಹೊಡೆಯುತ್ತಾರೆ.

ಮಳೆ ಹಿಡಿಯಿತು. ಟೆಂಟ್ ಕಿತ್ತರು.

ಈರಯ್ಯ

*

ವಡಗಾವಿ, ಬೆಳಗಾವಿ
೨೬ ಆಗಸ್ಟ್ ೧೯೭೫

ಈರಯ್ಯಾ,

ತಡವಾಯಿತು. ಎಮರ್ಜನ್ಸಿ ಬಂದ ಮ್ಯಾಲ ಪ್ರತಿ ಪುಟವನ್ನೂ ಅಚ್ಚಿಗೆ ಮೊದಲು ಸರಕಾರದವರಿಗೆ ತೋರಿಸಿ ತರಬೇಕು. ಸಿನಿಮಾದ ಹಾಡಿನ ಪಟ್ಟಿಯನ್ನೂ ಬಿಡೂದಿಲ್ಲ. ಮೈಲಾರಲಿಂಗ ಅವರು ಸಿನಿಮಾ ಕಾಲಮ್ ನಿಲ್ಲಿಸಿಬಿಟ್ಟರು.

ಹಾಡಿನ ಬಗ್ಗೆ ಬರೆಯಬೇಕು ಅಂತ ಕೂತೆ, ಯಾವ ಹಾಡೂ ನೆನಪಿಗೆ ಬರವಲ್ಲದು.

ಒಂದು ಮಾತು ಕೇಳಲೇನು? ‘ತಮ್ಮ ವಿಧೇಯ’ ಅಂತ ಬರೆಯುವಾಗ ನೀ ಈಗಲೂ ‘ಯ’ದ ಬಾಲ ಕೆಳಗಿನ ಸಾಲಿನ ತನಕ ಎಳೀತೀಯೇನು? ಕಾಲೇಜಿನ್ಯಾಗ ಎಳೀತಿದ್ದಿ. ಸುಮ್ನ ನೆನಪಾತು.

ಮಜೀದ

*

ಖಾನಾಪುರ
೫ ನವೆಂಬರ್ ೧೯೭೮

ಪ್ರಿಯ ಮಜೀದ,

ಮೂರು ವರ್ಷ ಮೇಲಾಯಿತು. ನಡುವೆ ನೀನು ಬರೆದ ಎರಡು ಕಾರ್ಡುಗಳು ನನ್ನ ಹತ್ತಿರ ಇವೆ. ಉತ್ತರಿಸದ್ದಕ್ಕೆ ಡಿಪೋದ ಕೆಲಸ ಕಾರಣವಲ್ಲ. ‘ಯ’ದ ಬಾಲ ಕಾರಣ. ಆ ಸಾಲು ಓದಿದ ಕೂಡಲೇ, ನಾನು ಯಾರಿಗೂ ಹೇಳದ ಒಂದು ಕಾಗದವನ್ನು ನೀನು ನೋಡಿದ್ದೀ ಎಂದು ಗೊತ್ತಾಯಿತು. ಆಮೇಲೆ ನಿನಗೆ ಏನು ಬರೆದರೂ ಸುಳ್ಳಾಗುತ್ತಿತ್ತು.

ಈಗ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮ ಕಾಲಮ್ಮು ಹುಬ್ಬಳ್ಳಿಯ ಚಿತ್ರ ಹಂಚಿಕೆದಾರರ ಕೈಗೆ ಹೋಯಿತು. ಚಿತ್ರಕ್ಕೆ ಹೊರಗಿನ ಸಂಗೀತ ಸೇರಿಸುವ ಟೆಂಟಿಗೆ ಇನ್ನು ಪ್ರಿಂಟು ಕೊಡುವುದಿಲ್ಲ ಎಂದರು. ಗುರುಪಾದಪ್ಪನವರು ಒಂದೇ ದಿನದಲ್ಲಿ ಮದಾರಸಾಬರನ್ನು ಬಿಡಿಸಿದರು. ಇಪ್ಪತ್ತೆರಡು ವರ್ಷದ ಆಪರೇಟರ್.

೧೯೭೫ರ ಏಪ್ರಿಲ್ ಮೊದಲ ವಾರ, ಮಧ್ಯಾಹ್ನ, ಅವರು ಡಿಪೋಕ್ಕೆ ಬಂದರು. ನಾನು ಅವರನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಡಗೈಯ ಎರಡು ಬೆರಳ ತುದಿ ಪ್ರೊಜೆಕ್ಟರ್ ಮಷೀನಿನ ಕಾರ್ಬನ್ ಕಡ್ಡಿಯ ಬೆಂಕಿಗೆ ಸುಟ್ಟು ಕಪ್ಪಾಗಿತ್ತು. ಸಾಗವಾನಿ ತೊಲೆಯ ಮೇಲೆ ಕುಳಿತರು.

“ಅಯ್ಯನೋರ, ಒಂದ ಅರ್ಜಿ ಬರಕೊಡ್ರಿ. ಮಾಲಕರಿಗೊಂದು, ಆ ಪೇಪರಿನವರಿಗೊಂದು. ಯಾರೋ ಶಾಣ್ಯಾ ಮನಿಷ್ಯಾ ನನಗ ಕಿವಿ ಇಲ್ಲಂತ ಬರದಾನ.”

“ಏನು ಬರೆಯಬೇಕು?” ಎಂದೆ. ನನ್ನ ದನಿ ಸಹಜವಾಗಿತ್ತು. ಅದನ್ನು ನೆನೆದಾಗಲೆಲ್ಲ ಮೈ ಹಿಡಿಯಾಗುತ್ತದೆ.

“ಖರೇ ಏನದ ಅದನ್ನ ಬರೀರಿ. ರೀಲ ಕರಕರ ಅಂತಿತ್ತು. ನನ್ನ ಕಡೆ ಆರ ರೆಕಾರ್ಡ ಅದಾವ. ಎರಡು ಭಜನಿ, ಎರಡು ಲಾವಣಿ, ಒಂದು ಬ್ಯಾಂಡು. ಇನ್ನೊಂದು ನನ್ನ ಮಗಳು ಮಮ್ತಾಜಳ ಲಗ್ನಕ್ಕ ತಂದ ಶಹನಾಯಿ. ಆ ಹೆಣ್ಣಮಗಳು ಟ್ರಂಕ ಎತ್ತೂ ಮುಂದ ನಾ ವಿಚಾರ ಮಾಡಿದೆ. ಹೆಣ್ಣ ಮನಿಗೆ ಬರೂವಾಗ ಶಹನಾಯಿ ಬಾರಸ್ತೀವಿ. ಹೋಗೂವಾಗ ಯಾಕ ಬಾರಸಬಾರದು? ಬಂದಾಗ ಎಷ್ಟ ಮರ್ಯಾದಿ, ಹೋಗೂವಾಗೂ ಅಷ್ಟ ಮರ್ಯಾದಿ ಬ್ಯಾಡೇನ್ರಿ?”

ನಾನು ಬರೆದುಕೊಂಡೆ. ಅವರು ಮುಂದುವರಿಸಿದರು: “ಜನ ಅತ್ತಾರ ಅಂತ ಬರೀರಿ. ಬರೇ ಹೆಂಗಸರಲ್ಲ, ಒಬ್ಬ ಓದಿದ ಮನಿಷ್ಯಾನೂ ಅತ್ತಾನ ಅಂತ ಬರೀರಿ.”

“ಅರ್ಜಿಯಲ್ಲಿ ಅಂಥದ್ದನ್ನು ಬರೆಯುವುದಿಲ್ಲ” ಎಂದೆ.

“ಅದ ಮುಖ್ಯ ಐತ್ರಿ.”

“ಪದ್ಧತಿ ಇಲ್ಲ.”

ಅವರು ನನ್ನನ್ನು ನೋಡುತ್ತ ಕುಳಿತರು. ಆ ಓದಿದ ಮನುಷ್ಯ ಯಾರೆಂದು ನಾನು ಕೇಳಲಿಲ್ಲ. ಆಮೇಲೆ “ಆತು, ನಿಮಗ ತಿಳೀತದ” ಎಂದು ಹೆಬ್ಬೆಟ್ಟು ಒತ್ತಿದರು. ಎರಡೂ ಪ್ರತಿಗಳನ್ನು ನನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದುಕೊಟ್ಟೆ. ಬಿಟ್ಟ ಸಾಲು ಒಂದೇ.

ಈಗ ಆ ಸಾಲಿನ ವಿಷಯ. ಆ ರಾತ್ರಿ ಟೆಂಟಿನಲ್ಲಿ ನಾನು ಅತ್ತೆ. ಬೀಡಿ ಹೊಗೆಯಲ್ಲ. ನಿನ್ನ ವೈನಿ ಕಾಂತಾ ತವರಿಗೆ ಹವಾ ಬದಲಿಗೆ ಹೋದವಳಲ್ಲ, ಮಜೀದ. ೧೯೭೧ರ ಮೇ ತಿಂಗಳಲ್ಲಿ, ಬೆಳಗಿನ ಮೊದಲ ಬಸ್ಸಿಗೆ, ಟ್ರಂಕು ಹಿಡಿದು ಹೋದಳು. ನಾನು ಎಚ್ಚರವಿದ್ದೆ. ಬಾಗಿಲ ಚಿಲಕದ ಸದ್ದು ಕೇಳಿತು. ಏಳಲಿಲ್ಲ. ಎದ್ದರೆ ಏನಾದರೂ ಮಾತಾಡಬೇಕಾಗುತ್ತಿತ್ತು. ನಾಲ್ಕು ವರ್ಷದ ನಂತರ ಯಾರೋ ಕತ್ತಲಲ್ಲಿ ಕುಳಿತು ಆ ಮುಂಜಾವಿಗೆ ಶಹನಾಯಿ ಬಾರಿಸಿದರು. ಮುನ್ನೂರು ಜನರ ನಡುವೆ ನಾನು ಕರವಸ್ತ್ರ ಹುಡುಕಿದೆ. ಮಾರನೆಯ ದಿನ ಅದರ ಬಗ್ಗೆ ನಿನಗೆ ಹಾಸ್ಯ ಮಾಡಿ ಬರೆದೆ.

ಮದಾರಸಾಬರು ಈಗ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ತಿರುವಿ ಹಾಕುತ್ತಾರೆ. ಡಿಪೋಕ್ಕೆ ಹೋಗುವಾಗ ದಿನಾ ಅದೇ ದಾರಿ. ದಿನಾ ಅವರು “ಶರಣ್ರಿ ಅಯ್ಯನೋರ” ಎನ್ನುತ್ತಾರೆ. ಕಳೆದ ವರ್ಷದಿಂದ ನಾನು ಹೊಳೆಯ ಕಡೆಯಿಂದ ಸುತ್ತು ಹಾಕಿ ಹೋಗುತ್ತಿದ್ದೇನೆ.

ಈರಯ್ಯ

*

ವಡಗಾವಿ, ಬೆಳಗಾವಿ
೨ ಡಿಸೆಂಬರ್ ೧೯೭೮

ಈರಯ್ಯಾ,

ನಿನ್ನ ಪತ್ರ ಜುಲೇಖಾಳಿಗೆ ಓದಿ ಹೇಳಲಿಲ್ಲ. ಹದಿನೈದು ದಿನ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ಹಾಸ್ಯ ಇವತ್ತು ಬರೂದಿಲ್ಲ.

ನನ್ನದೂ ಎರಡು ಅದಾವ. ಸಣ್ಣದು ಮೊದಲು ಹೇಳತೀನಿ.

೭೫ರ ಜುಲೈದಾಗ ಮದಾರಸಾಬರು ಪ್ರೆಸ್ಸಿಗೆ ಬಂದಿದ್ದರು. ಖಾನಾಪುರದಿಂದ ಬಂದು, ಸ್ಟೇಶನ್ನಿನಿಂದ ಖಾಸಬಾಗದ ತನಕ ಮಳಿಯಾಗ ನಡೆದು ಬಂದಿದ್ದರು. ಅರ್ಜಿಯನ್ನು ಪ್ಲಾಸ್ಟಿಕ್ ಚೀಲದಾಗ ಸುತ್ತಿದ್ದರು. ಮೈಲಾರಲಿಂಗ ಅವರು “ಹಳೇ ಸುದ್ದಿ, ಈಗ ಎಲ್ಲಿ ಹಾಕೂದು” ಅಂದರು. ಹೊರಗ ಬಂದು ನನ್ನ ಮೊಳೆಯ ಪೆಟ್ಟಿಗಿ ಬಾಜು ನಿಂತರು. “ಭಾಯಿ, ನೀವರ ಓದಿ ನೋಡ್ರಿ. ಎಷ್ಟ ಚಂದ ಬರದಾರ ನಮ್ಮ ಅಯ್ಯನೋರು” ಅಂತ ಕೈಯಾಗ ಕೊಟ್ಟರು. ‘ಯ’ದ ಬಾಲ ನೋಡಿದೆ. ಓದಿದೆ. “ಹೌದು, ಚಂದ ಬರದಾರ” ಅಂದೆ. ಚಹಾ ಕುಡಿಸಿ ಕಳಿಸಿದೆ. ನಿನಗ ಹೇಳಲಿಲ್ಲ. ಯಾಕಂದರ ದೊಡ್ಡದನ್ನೂ ಹೇಳಬೇಕಾಗತಿತ್ತು.

ದೊಡ್ಡದು ಇದು. ನೀ ಊರಿನ ಹೆಸರು ಬ್ಯಾಡ ಅಂದಿದ್ದಿ. ಆ ದಿನ ನಿನ್ನ ಕಾಲಮ್ ಜೋಡಿಸಿದ ಮ್ಯಾಲ ಕೆಳಗ ಎರಡು ಸಾಲು ಖಾಲಿ ಉಳಿದಿತ್ತು. ಸಾಲುಗಳ ನಡುವ ಸೀಸದ ಪಟ್ಟಿ ತುರುಕಿ ಸರಿ ಮಾಡಬಹುದಿತ್ತು, ದಿನಾ ಅದನ್ನೇ ಮಾಡತೀವಿ. ನನಗ ಚೇಷ್ಟೆ ಹೊಳೀತು. ಯಾರನ್ನೂ ಕೇಳದೆ ಕೈಯಿಂದಲೇ ಜೋಡಿಸಿದೆ: ‘ಖಾನಾಪುರದ ಗುರುಪಾದಪ್ಪನವರ ಟೆಂಟಿನಲ್ಲಿ ಈ ಚಿತ್ರ ನೋಡುವವರು ಕಿವಿಗೆ ಹತ್ತಿ ಒಯ್ಯಲು ಮರೆಯಬಾರದು.’ ಸರಿಯಾಗಿ ಎರಡು ಸಾಲು ತುಂಬಿತು. ಆ ಎರಡು ಸಾಲು ಇರದಿದ್ದರ ಹುಬ್ಬಳ್ಳಿಯವರಿಗೆ ಯಾವ ಟೆಂಟು ಅಂತ ಹೆಂಗ ಗೊತ್ತಾಗತಿತ್ತು?

ಮದಾರಸಾಬರ ಕೆಲಸ ಕಳೆದದ್ದು ನಿನ್ನ ಪತ್ರ ಅಲ್ಲ, ನನ್ನ ಹತ್ತಿ. ಮೂರೂವರೆ ವರ್ಷ ನೀ ಪೂರ್ತಿ ಹೊರಿ ಹೊತ್ತೀ, ನಾ ನೋಡಕೋತ ಕುಂತೆ.

ವೈನಿಯ ವಿಷಯ ಪ್ರತಿ ಪತ್ರದಾಗ ಕೇಳತಿದ್ದೆ. ಮಾಫ್ ಮಾಡು.

ಮಜೀದ

*

ಖಾನಾಪುರ
೨೧ ಜನವರಿ ೧೯೭೯

ಪ್ರಿಯ ಮಜೀದ,

ಆ ಎರಡು ಸಾಲು ನನ್ನವಲ್ಲ ಎಂದು ಪ್ರತಿ ಬಂದ ದಿನವೇ ಗೊತ್ತಾಗಿತ್ತು. ನನ್ನ ವಾಕ್ಯ ನನಗೆ ತಿಳಿಯದೇ? ಕೇಳಲಿಲ್ಲ. ಕೇಳಿದ್ದರೆ ತಪ್ಪನ್ನು ನಿನ್ನ ಮೇಲೆ ಹೊರಿಸಿ ಹಗುರಾಗುತ್ತಿದ್ದೆ. ಹಾಗಾಗದಿರಲಿ ಎಂದು ಸುಮ್ಮನಿದ್ದೆ ಎಂದು ನನ್ನನ್ನು ನಾನೇ ಹೊಗಳಿಕೊಂಡದ್ದೂ ಉಂಟು. ಅದು ಖರೆಯಲ್ಲ. ನಿನ್ನ ಎರಡು ಸಾಲು ಮನಸ್ಸಿನಲ್ಲಿ ಇಟ್ಟುಕೊಂಡು, ರಾತ್ರಿ ನಿದ್ದೆ ಬಾರದಾಗ ತೆಗೆದು ನೋಡುತ್ತಿದ್ದೆ. ಅಷ್ಟಾದರೂ ನನ್ನದಲ್ಲ ಎಂದು.

ಮೊನ್ನೆ ರವಿವಾರ ಹಂಚಿನ ಕಾರ್ಖಾನೆಯ ದಾರಿಯಲ್ಲೇ ಹೋದೆ. ಮದಾರಸಾಬರು ಬಿಸಿಲಿನಲ್ಲಿ ಹಂಚಿನ ಸಾಲುಗಳ ನಡುವೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಹೇಳಿದೆ. ಆ ಶಾಣ್ಯಾ ಮನುಷ್ಯ ನಾನೇ ಎಂದೆ. ಕೊನೆಯ ಎರಡು ಸಾಲು ಬೇರೆಯವರದು ಎಂದು ಹೇಳಬೇಕೆಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ.

ಅವರು ಒಂದು ಸಾಲು ಹಂಚನ್ನು ಪೂರ್ತಿ ತಿರುವಿ ಹಾಕಿದರು. ಆಮೇಲೆ ಕೇಳಿದರು:

“ಆವತ್ತ ಎಡಗಡೆ ಕಂಬದ ಬಾಜು ಕುರ್ಚಿ ಮ್ಯಾಲ ಕುಂತು ಕಣ್ಣ ಒರಸ್ಕೊಂಡವ್ರೂ ನೀವ ಅಲ್ರೀ?”

“ಹೌದು.”

“ನಾ ಮಷೀನಿನ ಕಿಂಡಿಯಾಗಿಂದ ನೋಡಾಕತ್ತಿದ್ದೆ. ಅದ ಮೊದಲನೇ ದಿನ. ಶಹನಾಯಿ ಹೊಂದತದೋ ಇಲ್ಲೋ ನನಗೂ ಧೈರ್ಯ ಇರಲಿಲ್ಲ. ಹೊಂದಲಿಲ್ಲಂದ್ರ ನಾಳೆ ತೆಗೀಬೇಕು ಅಂದ್ಕೊಂಡಿದ್ದೆ. ನಿಮ್ಮನ್ನ ನೋಡಿದೆ. ಇಷ್ಟ ಪುಸ್ತಕ ಓದೂ ಅಯ್ಯನೋರು ಅಳಾಕತ್ತಾರಂದ್ರ ತಪ್ಪಿಲ್ಲ ಬಿಡು ಅಂತ ಒಂಬತ್ತ ದಿನಾನೂ ಅದನ್ನ ಹಾಕಿದೆ.”

ಅವರು ಮುಂದಿನ ಸಾಲಿಗೆ ಸರಿದರು.

“ಅರ್ಜಿ ಬರಸಾಕ ನಿಮ್ಮ ಕಡೇನ ಯಾಕ ಬಂದೆ ಅಂತೀರಿ? ಊರಾಗ ಬರಕೊಡವ್ರು ಹತ್ತ ಮಂದಿ ಅದಾರ. ಸಾಕ್ಷಿ ಇದ್ದವ್ರು ನೀವೊಬ್ರ.” ಒಂದು ಹಂಚನ್ನು ಎತ್ತಿ, ಬಿರುಕು ನೋಡಿ, ಬದಿಗಿಟ್ಟರು. “ಅತ್ತ ಮನಿಷ್ಯಾ ಹಂಗ್ಯಾಕ ಬರದ್ರಿ?”

ನನ್ನ ಹತ್ತಿರ ಉತ್ತರವಿತ್ತು. ಕಾಂತಾಳ ಹೆಸರು ಹೇಳಿದ್ದರೆ ಸಾಕಿತ್ತು. ಅವರು ಕರಗುತ್ತಿದ್ದರು, ಕ್ಷಮಿಸುತ್ತಿದ್ದರು. ಆ ದುಃಖವನ್ನು ಕ್ಷಮೆಯ ಬೆಲೆಯಾಗಿ ಇಡಲು ಮನಸ್ಸು ಬರಲಿಲ್ಲ. “ಅತ್ತದ್ದಕ್ಕೆ ನಾಚಿಕೆಯಾಗಿತ್ತು” ಎಂದಷ್ಟೇ ಹೇಳಿದೆ.

“ನಾಚಿಕಿ!” ಎಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. “ನಿಮ್ಮ ನಾಚಿಕಿಗೆ ನನ್ನ ಕೈಯಾಗ ಹಂಚ ಬಂತ ನೋಡ್ರಿ.”

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆ ಎಂದೆ. ಗುರುಪಾದಪ್ಪನವರ ಟೆಂಟ್ ಈಗ ಇಲ್ಲ, ಇನ್ನು ನೌಕರಿ ಯಾರು ಕೊಡುತ್ತಾರೆ ಎಂದರು. ನಾನು ಹೊರಟಾಗ ಹಿಂದಿನಿಂದ ಕೂಗಿದರು: “ಹಾಕಸೂದಾದ್ರ ಆ ಸಾಲ ಬಿಡಬ್ಯಾಡ್ರಿ ಮತ್ತ.”

ಈ ಕೆಳಗಿನದನ್ನು ನಿಮ್ಮ ಸಾಪ್ತಾಹಿಕದಲ್ಲಿ ಹಾಕಿಸು. ಒಂದು ಅಕ್ಷರವನ್ನೂ ಸೇರಿಸಬೇಡ, ಬಿಡಬೇಡ.

‘೧೯೭೫ರ ಮಾರ್ಚಿನಲ್ಲಿ “ಒಬ್ಬ ಪ್ರೇಕ್ಷಕ” ಎಂಬ ಹೆಸರಿನಲ್ಲಿ ಒಂದು ಚಿತ್ರದ ಶಹನಾಯಿಯನ್ನು ಹೀಯಾಳಿಸಿ ಬರೆದವನು ನಾನು. ಆ ಶಹನಾಯಿ ಚಿತ್ರದ್ದಲ್ಲ. ಕೆಟ್ಟ ರೀಲಿನ ಮೇಲೆ ಅದನ್ನು ಹಾಕಿದವರು ಖಾನಾಪುರದ ಆಪರೇಟರ್ ಮದಾರಸಾಬ. ಅವರ ಆಯ್ಕೆ ಸರಿಯಾಗಿತ್ತು. ಅದನ್ನು ಕೇಳಿ ಟೆಂಟಿನಲ್ಲಿ ನಾನು ಅತ್ತೆ. ಅತ್ತದ್ದನ್ನು ಮುಚ್ಚಿಡಲು ಹಾಗೆ ಬರೆದೆ. ಅದರಿಂದ ಅವರ ಕೆಲಸ ಹೋಯಿತು. — ಈರಯ್ಯ, ಕಾರಕೂನ, ಕಟ್ಟಿಗೆ ಡಿಪೋ, ಖಾನಾಪುರ.’

ಈರಯ್ಯ

*

ವಡಗಾವಿ, ಬೆಳಗಾವಿ
೧೭ ಫೆಬ್ರುವರಿ ೧೯೭೯

ಈರಯ್ಯಾ,

ಅಚ್ಚಾಯಿತು. ಮೈಲಾರಲಿಂಗ ಅವರು “ಅತ್ತದ್ದು ಗಿತ್ತದ್ದು ಯಾಕ್ರಿ, ಅದನ್ನ ತೆಗೀರಿ” ಅಂದರು. “ಅದನ್ನ ತೆಗದರ ನನ್ನನ್ನೂ ತೆಗೀರಿ” ಅಂದೆ. ಹತ್ತೊಂಬತ್ತು ವರ್ಷದಾಗ ಸಂಪಾದಕರ ಕುರ್ಚಿಯ ಮುಂದ ಎದುರು ಮಾತಾಡಿದ್ದು ಮೊದಲ ಸಲ. ಅವರು ಕನ್ನಡಕ ಒರೆಸಿಕೊಂಡು ಪ್ರೂಫು ತಿರುಗಿ ಕೊಟ್ಟರು.

ಹತ್ತಿಯ ಮಾತು ನನ್ನದು ಅಂತ ನಿನ್ನ ಹೆಸರಿನ ಕೆಳಗ ನನ್ನ ಹೆಸರೂ ಹಾಕಬೇಕಂತ ಮೊಳೆ ಆರಿಸಿದ್ದೆ. ಒಂದು ಅಕ್ಷರ ಸೇರಿಸಬ್ಯಾಡ ಅಂದೀ. ತಿರುಗಿ ಪೆಟ್ಟಿಗಿಗೆ ಹಾಕಿದೆ. ಈ ಕಾಗದ ಬಸ್ಸಿನ ಕಂಡಕ್ಟರನ ಕೈಯಾಗ ಕಳಿಸೀನಿ. ನಾಳೆ ರವಿವಾರ ಖಾನಾಪುರಕ್ಕ ಬರತೀನಿ, ಹಂಚಿನ ಕಾರ್ಖಾನೆಗೆ. ಅದನ್ನು ಬಾಯಿಂದಲೇ ಹೇಳಬೇಕು. ಪ್ರತಿ ನಾನೇ ತರತೀನಿ.

ಜೋಡಿಸಿದ ಮ್ಯಾಲ ಈ ಸಲನೂ ಕೆಳಗ ಎರಡು ಸಾಲು ಉಳೀತು. ಹಂಗ ಬಿಟ್ಟೀನಿ.

ಮಜೀದ

*

ಖಾನಾಪುರ
೨೬ ಫೆಬ್ರುವರಿ ೧೯೭೯

ಪ್ರಿಯ ಮಜೀದ,

ಇನ್ನೊಂದು ಪ್ರತಿ ಬೇಕು. ಬೈಲಹೊಂಗಲಕ್ಕೆ ಕಳಿಸಬೇಕಾಗಿದೆ. ವಿಳಾಸ ನಾನೇ ಬರೆಯುತ್ತೇನೆ.

ನೀನು ಹತ್ತಿಯ ಮಾತು ಹೇಳಿ ಮರಳಿ ಬಸ್ಸು ಹತ್ತಿದ ಮೇಲೆ ಮದಾರಸಾಬರು ನನಗೆ “ಒಳ್ಳೇ ಜೋಡಿ ಅದೀರಿ ಬಿಡ್ರಿ” ಎಂದರು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ನಿನ್ನ ಪ್ರತಿಯನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡರು. ಅವರಿಗೆ ಓದು ಬರುವುದಿಲ್ಲ, ಅದು ನಿನಗೂ ಗೊತ್ತು.

ನಿನ್ನೆ ಕಾರ್ಖಾನೆಯ ಊಟದ ಹೊತ್ತಿಗೆ ಹೇಳಿ ಕಳಿಸಿದರು. ಹೋದೆ. ಭಟ್ಟಿಯ ನೆರಳಿನಲ್ಲಿ ಇಪ್ಪತ್ತೈದು, ಮೂವತ್ತು ಜನ ಕುಳಿತಿದ್ದರು. ಬುತ್ತಿ ತಂದ ಹೆಂಗಸರೂ ಇದ್ದರು. ಡಿಪೋಕ್ಕೆ ಗಾಡಿ ಹೊಡೆಯುವ ಸಾತಪ್ಪನೂ ಇದ್ದ. ಮದಾರಸಾಬರು ಪ್ರತಿಯನ್ನು ನನ್ನ ಕೈಗೆ ಕೊಟ್ಟು, “ಓದ್ರಿ ಅಯ್ಯನೋರ, ಎಲ್ಲಾರೂ ಕೇಳ್ಲಿ” ಎಂದರು.

ಓದಿದೆ. ಅವರ ಹೆಸರು ಬಂದಾಗ ಹೆಂಗಸರಲ್ಲಿ ಯಾರೋ “ಅಯ್ಯ, ಇವರ ಹೆಸರ ಪೇಪರದಾಗ!” ಎಂದರು. ‘ಅವರ ಆಯ್ಕೆ ಸರಿಯಾಗಿತ್ತು’ ಎಂಬಲ್ಲಿ ದನಿ ಎತ್ತಿದೆ. ಮುಂದಿನದು ಅತ್ತ ಸಾಲು. ನನಗೇ ತಿಳಿಯದಂತೆ ಕಣ್ಣು ಅದನ್ನು ದಾಟಿ ಕೆಳಗೆ ಜಾರಿತು. ‘ಅದರಿಂದ ಅವರ ಕೆಲ—’ ಎಂದು ಶುರು ಮಾಡಿದ್ದೆ.

“ಅಯ್ಯನೋರ,” ಮದಾರಸಾಬರು ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದರು, “ರೀಲ ಹಾರಸಬ್ಯಾಡ್ರಿ.”

ಅವರಿಗೆ ಓದು ಬರುವುದಿಲ್ಲ, ಮಜೀದ. ಇಪ್ಪತ್ತೆರಡು ವರ್ಷ ರೀಲು ಜೋಡಿಸಿದವರು.

ನಾನು ಹಿಂದಕ್ಕೆ ಹೋಗಿ ಮೊದಲಿನಿಂದ ಓದಿದೆ.

ಈರಯ್ಯ